ನಿಕಲ್ ನ್ಯಾನೊ ಪುಡಿ: ಬೆಂಕಿ ಆರಿದ ಮೇಲೇ ಕೆಲಸ ಹೆಚ್ಚು

ಕಳೆದ ವಾರ ಎಕ್ಸ್‌ಆರ್‌ಡಿ ವರದಿ, ಅಂದರೆ ಎಕ್ಸ್-ಕಿರಣ ಬಿಟ್ಟು ಪುಡಿಯಲ್ಲಿ ಯಾವ ಹರಳು ಇದೆ ಅಂತ ನೋಡುವ ಪರೀಕ್ಷೆಯ ವರದಿ, ಕೈಗೆ ಬಂತು. 44.5, 51.8, 76.4 ಡಿಗ್ರಿ ಕೋನಗಳಲ್ಲಿ ನಿಕಲ್ ಲೋಹದ ಮೂರು ಗೆರೆಗಳು ನೆಟ್ಟಗೆ ನಿಂತಿವೆ. ಆಕ್ಸೈಡ್ ಉಳಿದಿದ್ದರೆ ಕಾಣಬೇಕಾಗಿದ್ದ 37.2 ಮತ್ತು 62.9ರ ಜಾಗ ಸಪಾಟಾಗಿದೆ. ನಿಕಲ್ ನ್ಯಾನೊ ಪುಡಿ ಮಾಡಲು ಜೂನ್ ಕೊನೆಯಲ್ಲಿ ಶುರುವಾದ ಕೆಲಸ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹದಕ್ಕೆ ಬಂದಿದೆ. ಮುಂಬೈ ಉಪನಗರದ ಒಂದು ಕಾಲೇಜಿನ ಎಂಎಸ್ಸಿ ಲ್ಯಾಬಿನಲ್ಲಿ ಮಾಡಿದ್ದಿದು. ಹಾಟ್ ಪ್ಲೇಟ್, ನಾಲ್ಕು ದಶಮಾಂಶದ ತೂಕದ ಯಂತ್ರ, ಫ್ಯೂಮ್ ಹುಡ್, ಒಂದು ನೈಟ್ರೋಜನ್ ಸಿಲಿಂಡರ್ ಬಿಟ್ಟರೆ ದೊಡ್ಡ ಉಪಕರಣವೇನೂ ನಮ್ಮಲ್ಲಿಲ್ಲ. ಇಷ್ಟೇ ಸೌಕರ್ಯ ಇರುವ ಕಾಲೇಜುಗಳ ರಸಾಯನಶಾಸ್ತ್ರದ ಮೇಷ್ಟ್ರುಗಳಿಗೆ, ಪ್ರಾಜೆಕ್ಟ್ ಮಾಡುವ ಮಕ್ಕಳಿಗೆ ಉಪಯೋಗವಾಗಲಿ ಅಂತ ನೋಟ್‌ಬುಕ್ಕಿನಲ್ಲಿದ್ದದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ವಿಧಾನ ಸರಳ. ಲೋಹದ ನೈಟ್ರೇಟನ್ನು ನೀರಿನಲ್ಲಿ ಕರಗಿಸಿ, ಗ್ಲೈಸಿನ್ ಥರದ ಇಂಧನ ಸೇರಿಸಿ, ನೀರು ಆರಿಸಿದರೆ ಜೆಲ್ ಉಳಿಯುತ್ತದೆ. ಇನ್ನೂ ಕಾಯಿಸಿದರೆ ಅದು ತಾನೇ ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಉರಿದು ಹಗುರವಾದ ಪುಡಿ ಬಿಡುತ್ತದೆ. ಇದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಲೋಕಕ್ಕೆ ಹೋದ ವಿದ್ಯೆ. 1988ರಲ್ಲಿ ಕಿಂಗ್ಸ್‌ಲಿ ಮತ್ತು ಕೆ.ಸಿ. ಪಾಟೀಲರು ಅಲ್ಯುಮಿನಿಯಂ ನೈಟ್ರೇಟ್ ಮತ್ತು ಯೂರಿಯಾ ದ್ರಾವಣವನ್ನು 500 ಡಿಗ್ರಿಯ ಕುಲುಮೆಗಿಟ್ಟು, ಐದು ನಿಮಿಷದೊಳಗೆ ನಯವಾದ ಅಲ್ಯುಮಿನಾ ಪುಡಿ ತೆಗೆದು ತೋರಿಸಿದ್ದರು. ಅವರು ಮಾಡಿದ್ದು ಆಕ್ಸೈಡ್. ಇಂಧನವನ್ನು ಹೆಚ್ಚಿಸಿ ನೇರವಾಗಿ ನಿಕಲ್ ಲೋಹವನ್ನೇ ಪಡೆಯುವ ದಾರಿಯನ್ನು 2011ರಲ್ಲಿ ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದ ಕುಮಾರ್, ವೋಲ್ಫ್, ಮುಕಸ್ಯಾನ್ ಬಿಡಿಸಿ ಬರೆದರು. ನಾವು ಹಿಡಿದದ್ದು ಆ ದಾರಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಲೋಹ ಆಗುವುದು ಕಷ್ಟವಲ್ಲ. ಆದ ಲೋಹ ತಣಿಯುವ ತನಕ ಲೋಹವಾಗಿಯೇ ಉಳಿಯುವಂತೆ ನೋಡಿಕೊಳ್ಳುವುದು ಕಷ್ಟ. ನಮ್ಮ ಸಮಯವೆಲ್ಲ ಹೋದದ್ದು ಅಲ್ಲಿ. ಓದಲು ಸಿಗುವ ವಿಧಾನಗಳಲ್ಲಿ ಈ ಭಾಗ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ.

ಹಂತ 1: ಕೈ ಹಾಕುವ ಮುಂಚೆ

ನಿಕಲ್ ಲವಣಗಳು ಕ್ಯಾನ್ಸರ್ ತರುವ ಪಟ್ಟಿಯಲ್ಲಿವೆ, ಚರ್ಮಕ್ಕೂ ಒಗ್ಗುವುದಿಲ್ಲ. ಉರಿಯುವಾಗ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಬರುತ್ತದೆ. ಹುಟ್ಟುವ ಪುಡಿ ಉಸಿರಿನಲ್ಲಿ ಹೋಗುವಷ್ಟು ನಯ. ಆದ್ದರಿಂದ ಎಲ್ಲ ಕೆಲಸವೂ ಫ್ಯೂಮ್ ಹುಡ್ ಒಳಗೆ, ಗಾಜು ಇಳಿಸಿಕೊಂಡು. ನೈಟ್ರೈಲ್ ಕೈಗವಸು, ಫೇಸ್ ಶೀಲ್ಡ್, ಎನ್95 ಮಾಸ್ಕ್.

ಇನ್ನೆರಡು ನಿಯಮ ಗೋಡೆಗೆ ಅಂಟಿಸಿದೆವು. ಒಂದು ಸಲಕ್ಕೆ 0.01 ಮೋಲ್ ನಿಕಲ್‌ಗಿಂತ ಹೆಚ್ಚು ತೆಗೆದುಕೊಳ್ಳಬಾರದು. ಒಣಗಿದ ಜೆಲ್ಲನ್ನು ನಾಳೆಗೆ ಅಂತ ಎತ್ತಿಡಬಾರದು, ಕೆರೆಯಬಾರದು; ಅದೇ ದಿನ ಉರಿಸಬೇಕು, ಇಲ್ಲವಾದರೆ ನೀರು ಹಾಕಿ ಕರಗಿಸಿಬಿಡಬೇಕು. ಅದು ನೈಟ್ರೇಟ್ ಮತ್ತು ಇಂಧನ ಒಟ್ಟಿಗೇ ಇರುವ ವಸ್ತು ಎಂಬುದು ಯಾವಾಗಲೂ ನೆನಪಿರಬೇಕು.

ಹಂತ 2: ಲೆಕ್ಕ

ಇಂಧನ ಎಷ್ಟು ಎಂಬ ಲೆಕ್ಕವೂ ಬೆಂಗಳೂರಿನ ಅದೇ ಸಂಸ್ಥೆಯದು. ಜೈನ್, ಅಡಿಗ, ಪೈ ವೆರ್ಣೇಕರ್ 1981ರಲ್ಲಿ ಕೊಟ್ಟ ವೇಲೆನ್ಸಿ ಲೆಕ್ಕ. ಆಮ್ಲಜನಕ ಒದಗಿಸುವುದಕ್ಕೆ ಋಣ ಅಂಕಿ, ಉರಿಯುವ ಇಂಧನಕ್ಕೆ ಧನ ಅಂಕಿ: ನಿಕಲ್ ನೈಟ್ರೇಟಿಗೆ ಋಣ 10, ಗ್ಲೈಸಿನ್‌ಗೆ ಧನ 9. ಹಾಗಾಗಿ 1 ಮೋಲ್ ನೈಟ್ರೇಟಿಗೆ 1.11 ಮೋಲ್ ಗ್ಲೈಸಿನ್ ಸರಿಸಮ. ಈ ಅನುಪಾತವನ್ನು ಫೈ 1 ಅನ್ನುತ್ತಾರೆ. ಇಂಧನ ಇದಕ್ಕಿಂತ ಹೆಚ್ಚಾದರೆ ಫೈ ಏರುತ್ತದೆ.

ನಮ್ಮ ಅಳತೆ: ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 2.908 ಗ್ರಾಂ. ಅದಕ್ಕೆ ಗ್ಲೈಸಿನ್, ಫೈ 1ಕ್ಕೆ 0.834 ಗ್ರಾಂ, 1.25ಕ್ಕೆ 1.043, 1.5ಕ್ಕೆ 1.251, 1.75ಕ್ಕೆ 1.460, 2ಕ್ಕೆ 1.668. ಪೂರ್ತಿ ಲೋಹವಾದರೆ 0.587 ಗ್ರಾಂ ಸಿಗಬೇಕು, ಪೂರ್ತಿ ಆಕ್ಸೈಡಾದರೆ 0.747 ಗ್ರಾಂ. ಈ ಎರಡು ಸಂಖ್ಯೆಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿಟ್ಟೆವು.

ಹಂತ 3: ಮಳೆಗಾಲ ಮತ್ತು ತೂಕ

ಪ್ರಿನ್ಸೆಸ್ ಸ್ಟ್ರೀಟಿನ ಅಂಗಡಿಯಿಂದ ತಂದ 500 ಗ್ರಾಂ ನೈಟ್ರೇಟ್ ಬಾಟಲಿಯನ್ನು ಜೂನ್ ಕೊನೆಯಲ್ಲಿ ಒಡೆದೆವು. ಹಸಿರು ಹರಳು, ನೋಡಲು ಚೆಂದ. ಜುಲೈ ಎರಡನೇ ವಾರಕ್ಕೆ ಹರಳುಗಳು ಒಂದಕ್ಕೊಂದು ಅಂಟಿಕೊಂಡು, ಬಾಟಲಿಯ ಗೋಡೆಗೆ ಹಸಿರು ನೀರು ಒಸರತೊಡಗಿತು. ಇದು ಗಾಳಿಯ ತೇವ ಕುಡಿದು ಕರಗುವ ಲವಣ, ಮುಂಬೈಯ ಜುಲೈ ಗಾಳಿಯಲ್ಲಂತೂ ಕೇಳುವುದೇ ಬೇಡ. ತೂಕದ ಯಂತ್ರದ ತಟ್ಟೆಯ ಮೇಲಿಟ್ಟರೆ ಕೊನೆಯ ಎರಡು ಅಂಕಿ ನಿಲ್ಲದೆ ಮೇಲೇರುತ್ತಿದ್ದವು.

ಇದರ ಪರಿಣಾಮ ಫೈ ಮೇಲೆ. 2.908 ಗ್ರಾಂ ಅಂತ ತೂಗಿದ್ದರಲ್ಲಿ ಒಂದಿಷ್ಟು ಬರೀ ನೀರು, ನಿಕಲ್ ಕಡಿಮೆ. ಗ್ಲೈಸಿನ್ ಮಾತ್ರ ಪೂರ್ತಿ ಇದೆ. ಕಾಗದದ ಮೇಲೆ 1.75, ಬೀಕರಿನಲ್ಲಿ ಬೇರೆಯೇ. ಒಂದೇ ಅಳತೆಯ ಎರಡು ಸ್ಯಾಂಪಲ್ ಎರಡು ಥರ ಉರಿದದ್ದಕ್ಕೆ ಇದೇ ಕಾರಣ ಎಂದು ಗೊತ್ತಾಗುವಷ್ಟರಲ್ಲಿ ಸಾಕಷ್ಟು ಗ್ಲೈಸಿನ್ ಖರ್ಚಾಗಿತ್ತು.

ಪರಿಹಾರಕ್ಕೆ ಬಿಎಸ್ಸಿ ಪ್ರಾಕ್ಟಿಕಲ್ಲೇ ಸಾಕಾಯಿತು. ತೂಗುವುದು ಬಿಟ್ಟು, ಅಂದಾಜು 1 ಮೋಲಾರ್ ದ್ರಾವಣ ಮಾಡಿ, ನಿಕಲ್ಲನ್ನು ಒಂದಕ್ಕೊಂದರಂತೆ ಹಿಡಿದುಕೊಳ್ಳುವ ಇಡಿಟಿಎ ಹಾಕಿ ಅಳೆದೆವು. 5 ಮಿ.ಲೀ. ದ್ರಾವಣವನ್ನು 500ಕ್ಕೆ ಏರಿಸಿ, ಅದರಿಂದ 25 ಮಿ.ಲೀ. ತೆಗೆದು, ಅಮೋನಿಯಾ ಸೇರಿಸಿ, ಬಣ್ಣ ಬದಲಿಸಿ ತೋರಿಸುವ ಮ್ಯುರೆಕ್ಸೈಡ್ ಚಿಟಿಕೆ ಹಾಕಿ, 0.01 ಮೋಲಾರ್ ಇಡಿಟಿಎ ಬಿಟ್ಟೆವು. ಹಳದಿ ಹೋಗಿ ನೇರಳೆ ಬಂದದ್ದು 23.5 ಮಿ.ಲೀ.ಗೆ. ಅಂದರೆ ದ್ರಾವಣ 0.94 ಮೋಲಾರ್, 100ಕ್ಕೆ 6ರಷ್ಟು ನಿಕಲ್ ಕಡಿಮೆ. ಅವತ್ತಿನಿಂದ ಪಿಪೆಟ್ಟಿನಲ್ಲಿ 10.64 ಮಿ.ಲೀ. ತೆಗೆದುಕೊಂಡರೆ 0.01 ಮೋಲ್ ನಿಕಲ್, ಕಣ್ಣು ಮುಚ್ಚಿ ನಂಬಬಹುದು. ಕರಾವಳಿಯಲ್ಲಿ ಈ ಕೆಲಸ ಮಾಡುವವರು ಮೊದಲ ದಿನವೇ ದ್ರಾವಣ ಮಾಡಿ ಬಾಟಲಿಯ ಮೇಲೆ ಅಳೆದ ಸಾಂದ್ರತೆ ಬರೆದಿಡಿ.

ಹಂತ 4: ತೆರೆದ ಬೀಕರಿನಲ್ಲಿ

ಮೊದಲು 250 ಮಿ.ಲೀ. ಬೊರೊಸಿಲಿಕೇಟ್ ಬೀಕರ್, ಬಾಯಿಗೆ 200 ಮೆಶ್‌ನ ಸ್ಟೀಲ್ ಜಾಲರಿ, ತಂತಿಯಲ್ಲಿ ಬಿಗಿದದ್ದು. ನೈಟ್ರೇಟ್ ದ್ರಾವಣಕ್ಕೆ ಗ್ಲೈಸಿನ್ ಮತ್ತು 20 ಮಿ.ಲೀ. ಡಿಸ್ಟಿಲ್ಡ್ ನೀರು. ಮ್ಯಾಗ್ನೆಟಿಕ್ ಸ್ಟಿರರ್ ಮೇಲೆ ಕಲಕುತ್ತಾ 85 ಡಿಗ್ರಿಯಲ್ಲಿ ಆರಿಸಿದೆವು. ಒಂದೂವರೆ ಗಂಟೆಯಲ್ಲಿ ಹಸಿರು ನೀರು ಗಟ್ಟಿಯಾಗಿ ಜೋನಿ ಬೆಲ್ಲದ ಹದಕ್ಕೆ ಬರುತ್ತದೆ. ಆ ಹೊತ್ತಿಗೆ ಸ್ಟಿರರ್ ಕಡ್ಡಿಯನ್ನು ಹೊರಗೆ ತೆಗೆಯಬೇಕು. ಆಮೇಲೆ ಪ್ಲೇಟನ್ನು 300 ಡಿಗ್ರಿಗೆ ಏರಿಸುವುದು.

ಹದ ಮುಖ್ಯ. ನೀರು ಜಾಸ್ತಿ ಉಳಿದಿದ್ದರೆ ಜೆಲ್ ಕುದಿದು ಸಿಡಿಯುತ್ತದೆ, ಜ್ವಾಲೆ ಬರದೆ ಒಂದು ಮೂಲೆಯಲ್ಲಿ ಹೊಗೆಯಾಡುತ್ತಾ ಸುಡುತ್ತದೆ, ಕೊನೆಗೆ ಕಂದು, ಹಸಿರು, ಕಪ್ಪು ಕಲಸಿದ ಗಟ್ಟಿ ತುಂಡು ಸಿಗುತ್ತದೆ. ಅದರಿಂದ ಏನೂ ಪ್ರಯೋಜನವಿಲ್ಲ. ಮಳೆ ಹೊಡೆಯುವ ದಿನ ಮಧ್ಯಾಹ್ನದ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಆರಿದ್ದ ಜೆಲ್ ಮತ್ತೆ ನೀರೊಡೆಯುತ್ತಿತ್ತು. ಹಾಗಾಗಿ ಆರಿಸುವುದು, ಉರಿಸುವುದು ಎರಡೂ ಒಂದೇ ಬೈಠಕ್ಕಿನಲ್ಲಿ ಆಗಬೇಕು.

ಫೈ 1ರ ಸ್ಯಾಂಪಲ್ ಜೋರಾಗಿ ಹೊತ್ತಿತು. ನೊರೆ ಎದ್ದು, ಕಂದು ಹೊಗೆ ಬಂದು, ಕಣ್ಣು ಮಿಟುಕಿಸುವಷ್ಟರಲ್ಲಿ ಜ್ವಾಲೆ ಜಾಲರಿ ಮುಟ್ಟಿತ್ತು. ಪುಡಿಯ ಬಹುಪಾಲು ಜಾಲರಿಗೆ ಬಡಿದು ಹೊರಗೆ ಹಾರಿತು. ಒಳಗೆ ಉಳಿದದ್ದು ಕಪ್ಪು, ಆಯಸ್ಕಾಂತಕ್ಕೆ ಅಲುಗಲಿಲ್ಲ. ಫೈ 1.5ರಿಂದ ಮೇಲೆ ಉರಿ ಸೌಮ್ಯವಾಗುತ್ತದೆ. ನೊರೆ ನಿಧಾನವಾಗಿ ಬೀಕರ್ ತುಂಬ ಏರುತ್ತದೆ, ಕೆಂಡದ ಗೆರೆಯೊಂದು ಅಂಚಿನಿಂದ ನಡುವಿಗೆ ಸಾಗುತ್ತದೆ. 1.75 ನಮಗೆ ಒಪ್ಪಿತು. 2ರಲ್ಲಿ ಕೆಲವು ಸಲ ಕೆಂಡ ಅರ್ಧ ದಾರಿಯಲ್ಲಿ ನಂದಿ, ಉರಿಯದ ಜೆಲ್ ತಳದಲ್ಲಿ ಉಳಿಯುತ್ತಿತ್ತು.

ಬೀಕರ್ ಒಡೆದದ್ದೂ ಈ ಹಂತದಲ್ಲೇ. ಕೆಂಡ ಗಾಜಿಗೆ ತಾಗಿದ ಜಾಗದಲ್ಲಿ ತಳದಿಂದ ಬಾಯಿಯ ತನಕ ಬಿರುಕು ಬಿಟ್ಟಿತು. ಆಮೇಲೆ 250 ಮಿ.ಲೀ. ಸಿಲಿಕಾ ಬೀಕರ್ ತರಿಸಿದೆವು. ಬೆಲೆ ಹೆಚ್ಚು, ಆದರೆ ಈ ಕೆಲಸಕ್ಕೆ ಅದೇ ಸರಿ, ಇವತ್ತಿಗೂ ಒಂದು ಗೆರೆ ಬಿದ್ದಿಲ್ಲ.

ಜ್ವಾಲೆಯ ಶಾಖ ಅಳೆಯೋಣ ಅಂತ ಕೆ-ಟೈಪ್ ಥರ್ಮೋಕಪಲ್ ಮತ್ತು ಅದನ್ನು ಓದುವ ಮ್ಯಾಕ್ಸ್ 6675 ಚಿಪ್ಪಿನ ಮಾಡ್ಯೂಲ್ ಹಾಕಿದ್ದೆವು. ಆ ಚಿಪ್ ಒಂದು ಓದಿಗೆ 0.22 ಸೆಕೆಂಡ್ ತನಕ ತೆಗೆದುಕೊಳ್ಳುತ್ತದೆ, 1,024 ಡಿಗ್ರಿಯ ಮೇಲೆ ಓದುವುದಿಲ್ಲ, ಪ್ರೋಬಿನ ತುದಿಯೂ ದಪ್ಪ. ಉರಿಯ ಶಿಖರ ಅದಕ್ಕೆ ಸಿಗಲೇ ಇಲ್ಲ. ಜೆಲ್ ಆರಿಸುವಾಗಿನ 85 ಡಿಗ್ರಿ ಹಿಡಿಯಲು, ಪುಡಿ ತಣಿದಿದೆಯೇ ನೋಡಲು ಮಾತ್ರ ಅದನ್ನು ಬಳಸಿದೆವು, ಅಷ್ಟಕ್ಕೆ ಚೆನ್ನಾಗಿದೆ.

ಹಂತ 5: ಆಯಸ್ಕಾಂತ ಹೇಳುವುದು, ಹೇಳದಿರುವುದು

ಫೈ 1.75ರ ಮೊದಲ ಪುಡಿ ಆಯಸ್ಕಾಂತಕ್ಕೆ ಹಾರಿ ಅಂಟಿಕೊಂಡಾಗ ಲ್ಯಾಬಿನಲ್ಲಿ ಎಲ್ಲರಿಗೂ ಖುಷಿ. ಲೋಹವೇ ಬಂತು ಅಂದುಕೊಂಡೆವು. ಎಕ್ಸ್‌ಆರ್‌ಡಿ ನೋಡಿದರೆ ಲೋಹದ ಗೆರೆಗಳ ಪಕ್ಕದಲ್ಲೇ ಆಕ್ಸೈಡಿನ ಗೆರೆಗಳೂ ಎತ್ತರವಾಗಿ ನಿಂತಿವೆ. ಪುಡಿಯಲ್ಲಿ ಒಂದಿಷ್ಟು ಪಾಲು ಲೋಹ ಇದ್ದರೂ ಸಾಕು, ಅಂಟಿಕೊಂಡ ಆಕ್ಸೈಡನ್ನೂ ಎಳೆದುಕೊಂಡು ಇಡೀ ಗುಡ್ಡೆ ಆಯಸ್ಕಾಂತದ ಕಡೆ ಬರುತ್ತದೆ. ಆಯಸ್ಕಾಂತ "ಲೋಹ ಇದೆ" ಅನ್ನುತ್ತದೆ, "ಲೋಹ ಮಾತ್ರ ಇದೆ" ಅನ್ನುವುದಿಲ್ಲ.

ಇದರ ಉಲ್ಟಾ ಕೂಡ ಉಂಟು. ಬಿಸಿ ಪುಡಿಗೆ ಆಯಸ್ಕಾಂತ ಹಿಡಿದು ಏನೂ ಆಗಲಿಲ್ಲ ಅಂತ ಚೆಲ್ಲಬೇಡಿ. ಸುಮಾರು 358 ಡಿಗ್ರಿಯ ಮೇಲೆ ನಿಕಲ್ ತನ್ನ ಕಾಂತಗುಣ ಬಿಟ್ಟಿರುತ್ತದೆ. ತಣಿದ ಮೇಲೆ ಅದೇ ಪುಡಿ ಎದ್ದು ಬರುತ್ತದೆ.

ತೂಕವೂ ಪೂರ್ತಿ ಸಾಕ್ಷಿಯಲ್ಲ. ಇಂಧನ ಹೆಚ್ಚಿದ್ದರೆ ಪುಡಿಯಲ್ಲಿ ಇಂಗಾಲ ಉಳಿಯುತ್ತದೆ, ಜಾಲರಿಯಲ್ಲಿ ಪುಡಿ ನಷ್ಟವಾಗುತ್ತದೆ. ಎರಡೂ ಸೇರಿ ತಪ್ಪು ತೂಕವನ್ನೇ ಸರಿ ಎಂದು ತೋರಿಸಬಹುದು. ಆದರೂ 0.587ಕ್ಕಿಂತ ತುಂಬ ಮೇಲಿದ್ದರೆ ಎಕ್ಸ್‌ಆರ್‌ಡಿಗೆ ದುಡ್ಡು ಕೊಡುವ ಮುಂಚೆ ಯೋಚಿಸಿ.

ಹಾಗಾದರೆ ಆಕ್ಸೈಡ್ ಎಲ್ಲಿಂದ ಬಂತು? ಉತ್ತರ ಒಂದು ಸಂಜೆ ಕಣ್ಣೆದುರೇ ಸಿಕ್ಕಿತು. ಉರಿ ಮುಗಿದು, ಬೂದು ಬಣ್ಣದ ನೊರೆಗಡ್ಡೆ ಬೀಕರಿನಲ್ಲಿ ನಿಂತಿತ್ತು. ಜಾಲರಿ ಬಿಚ್ಚಿದ ಕೂಡಲೇ ಗಡ್ಡೆಯ ಅಂಚಿನಲ್ಲಿ ಸಾಸಿವೆಯಷ್ಟು ಕೆಂಪು ಚುಕ್ಕೆ ಮೂಡಿತು. ನೋಡುತ್ತಿದ್ದಂತೆ ಅದು ಗೆರೆಯಾಗಿ ಗಡ್ಡೆಯ ಮೈಮೇಲೆ ಹರಿಯಿತು. ಗೆರೆ ದಾಟಿದ ಕಡೆ ಬೂದು ಬಣ್ಣ ಹೋಗಿ ಮಾಸಲು ಹಸಿರು ಕಪ್ಪು. ಅಕ್ಕಲಕೋಟೆ ಕಡೆಯ ನಮ್ಮ ಪ್ರಾಜೆಕ್ಟ್ ಹುಡುಗಿ ಕೂಗಿದಳು, "ಮೇಡಂ, ಪುಡಿ ಒಳಗ ಬೆಂಕಿ ಓಡಾಕತ್ತದ ನೋಡ್ರಿ!" ಲೋಹವಾಗಿ ಹುಟ್ಟಿದ್ದು ಬಿಸಿ ಇರುವಾಗಲೇ ಗಾಳಿ ಕಂಡು ಮತ್ತೆ ಆಕ್ಸೈಡ್ ಆಗುತ್ತಿತ್ತು. ಕಣ ಚಿಕ್ಕದಾದಷ್ಟೂ ಗಾಳಿಗೆ ತೆರೆದ ಮೈ ಹೆಚ್ಚು, ಹೊತ್ತಿಕೊಳ್ಳಲು ಕಿಡಿಯೇ ಬೇಕಾಗಿಲ್ಲ.

ಆ ದೃಶ್ಯ ನೋಡಿದ ಮೇಲೆ ಫೈ ಬದಲಿಸುತ್ತಾ ಕೂರುವುದನ್ನು ನಿಲ್ಲಿಸಿದೆವು. ನೋಟ್ರ್ ಡೇಮ್ ತಂಡದ ಕೆಲಸದಲ್ಲೂ ಇದಕ್ಕೆ ಹೊಂದುವ ಮಾತಿದೆ: ಉರಿಯ ಮುಂಚೂಣಿಯಲ್ಲಿ ಮೊದಲು ಆಕ್ಸೈಡ್ ಆಗುತ್ತದೆ, ಹೆಚ್ಚುವರಿ ಇಂಧನದಿಂದ ಬರುವ ಅಮೋನಿಯಾದಂಥ ಅನಿಲಗಳು ಅದರ ಹಿಂದೆಯೇ ಅದನ್ನು ಲೋಹಕ್ಕೆ ಇಳಿಸುತ್ತವೆ. ಅಂದರೆ ಲೋಹ ಸಿದ್ಧವಾಗುವುದು ಉರಿಯ ಬಾಲದಲ್ಲಿ. ಆ ಹೊತ್ತಿಗೆ ಗಾಳಿ ನುಗ್ಗಿದರೆ ಮಾಡಿದ್ದೆಲ್ಲ ಹಿಂದಕ್ಕೆ.

ಹಂತ 6: ಡಬ್ಬಿ

ಟ್ಯೂಬ್ ಫರ್ನೇಸ್ ನಮ್ಮಲ್ಲಿಲ್ಲ. ಪಾತ್ರೆ ಅಂಗಡಿಯಿಂದ ಮುಚ್ಚಳ ಇರುವ ಎರಡು ಲೀಟರಿನ ಸ್ಟೀಲ್ ಡಬ್ಬಿ ತಂದೆವು, ಅಡ್ಡಳತೆ 14 ಸೆಂ.ಮೀ., ಎತ್ತರ 13. ಬುಡದಿಂದ 2 ಸೆಂ.ಮೀ. ಮೇಲೆ ಒಂದು ತೂತು ಕೊರೆದು 6 ಮಿ.ಮೀ. ತಾಮ್ರದ ಪೈಪ್ ಕೂರಿಸಿದೆವು, ನೈಟ್ರೋಜನ್ ಒಳಬರಲು. ಮುಚ್ಚಳದಲ್ಲಿ 20 ಮಿ.ಮೀ. ತೂತು, ಅದಕ್ಕೆ ಜಾಲರಿ, ಹೊಗೆ ಹೊರಹೋಗಲು. ಮುಚ್ಚಳವನ್ನು ಬರೀ ಮೇಲಿಡುವುದು. ಕ್ಲಿಪ್, ಗ್ಯಾಸ್ಕೆಟ್ ಯಾವುದೂ ಬೇಡ. ಒಮ್ಮೆಲೇ ಇಷ್ಟೊಂದು ಅನಿಲ ಹೊರಡುವಾಗ ಬಿಗಿ ಮುಚ್ಚಳ ಅಪಾಯ. ಹೊಗೆ ಜೋರಾದರೆ ಮುಚ್ಚಳ ತಾನೇ ಎದ್ದು ಕೂರಬೇಕು.

ಮೊದಲ ತೊಂದರೆ ಶಾಖ. ಹಾಟ್ ಪ್ಲೇಟ್ 300 ತೋರಿಸಿದರೂ ಡಬ್ಬಿಯ ಬುಡ ಸ್ವಲ್ಪ ಉಬ್ಬಿದ್ದರಿಂದ ಬೀಕರಿಗೆ ಶಾಖ ತಲುಪುತ್ತಿರಲಿಲ್ಲ, ಜೆಲ್ ಹೊತ್ತದೆ ಕಂದಾಗಿ ಕೂತುಬಿಟ್ಟಿತು. ಮರಳು ಹಾಸಿ ನೋಡಿದೆವು, ಕಾಯಲು ತುಂಬ ಹೊತ್ತು ಬೇಕು, ಜೊತೆಗೆ ನೈಟ್ರೋಜನ್ ಹರಿವಿಗೆ ಧೂಳು ಎದ್ದು ಪುಡಿಗೆ ಬೆರೆಯಿತು. ಕೊನೆಗೆ ಕುರ್ಲಾದ ಲೇಥ್ ಅಂಗಡಿಯಲ್ಲಿ 10 ಮಿ.ಮೀ. ದಪ್ಪದ ಎರಡು ಅಲ್ಯುಮಿನಿಯಂ ಬಿಲ್ಲೆ ಮಾಡಿಸಿದೆವು. ಡಬ್ಬಿಯ ಹೊರಗೆ ಉಬ್ಬಿಗೆ ಹೊಂದುವ ಹಾಗೆ ಒಂದನ್ನು ಸ್ವಲ್ಪ ಕುಳಿ ಮಾಡಿಸಿ, ಒಳಗೆ ಬೀಕರಿನ ತಳಕ್ಕೆ ಚಪ್ಪಟೆಯಾಗಿ ಇನ್ನೊಂದು. ಪ್ಲೇಟನ್ನು 350ಕ್ಕೆ ಇಟ್ಟರೆ ಈಗ ಕಾಲು ಗಂಟೆಯಲ್ಲಿ ಹೊತ್ತಿಕೊಳ್ಳುತ್ತದೆ.

ಎರಡನೆಯದು ಹರಿವು. ನಿಮಿಷಕ್ಕೆ 5 ಲೀಟರ್ ಬಿಟ್ಟಾಗ ಪುಡಿ ಹಾರಿ ಮುಚ್ಚಳದ ಜಾಲರಿ ಕಪ್ಪಾಯಿತು. ಈಗಿನ ಕ್ರಮ ಹೀಗೆ: ಜೆಲ್ ಇರುವ ಬೀಕರನ್ನು ಡಬ್ಬಿಯೊಳಗಿಟ್ಟು, ಬೀಕರಿನ ಜಾಲರಿ ಕಟ್ಟಿ, ಮುಚ್ಚಳ ಇಟ್ಟು, ನಿಮಿಷಕ್ಕೆ 1 ಲೀಟರಿನಂತೆ ಹತ್ತು ನಿಮಿಷ ನೈಟ್ರೋಜನ್ ಹರಿಸುವುದು. ಆಮೇಲೆ ಪ್ಲೇಟ್ ಚಾಲೂ, ಹರಿವು ಹಾಗೇ ಇರಲಿ. ಜ್ವಾಲೆ ಕಾಣುವುದಿಲ್ಲ. ಮುಚ್ಚಳದ ತೂತಿನಿಂದ ಮೊದಲು ಬಿಳಿ ಆವಿ, ನಂತರ ದಟ್ಟ ಹೊಗೆ ಬುಸ್ಸೆಂದು ಬಂದು ಕೆಲವು ಸೆಕೆಂಡಿನಲ್ಲಿ ನಿಂತರೆ ಒಳಗೆ ಉರಿ ಮುಗಿಯಿತು ಅಂತ ಅರ್ಥ. ಆ ಕ್ಷಣವೇ ಪ್ಲೇಟ್ ಆಫ್ ಮಾಡಬೇಕು.

ನೈಟ್ರೋಜನ್ನಿನಲ್ಲಿ ಉರಿಯುತ್ತದೆಯೇ ಎಂದು ಕೆಲವರು ಕೇಳಿದರು. ಉರಿಯಲು ಬೇಕಾದ ಆಮ್ಲಜನಕ ನೈಟ್ರೇಟಿನಲ್ಲೇ ಇದೆ, ಹೊರಗಿನ ಗಾಳಿ ಬೇಕಿಲ್ಲ. ಸಣ್ಣ ಕೋಣೆಯಲ್ಲಿ ನೈಟ್ರೋಜನ್ ತುಂಬಿಕೊಂಡರೆ ಮಾತ್ರ ಉಸಿರಿಗೆ ಅಪಾಯ. ಹುಡ್ ಓಡುತ್ತಿರಲಿ, ಕಿಟಕಿ ತೆರೆದಿರಲಿ.

ಹಂತ 7: ತಣಿಸುವುದು

ಇಲ್ಲಿ ಅವಸರಕ್ಕೆ ಜಾಗವಿಲ್ಲ. ಕಾರ್ಕಳದ ಕಡೆಯ ನಮ್ಮ ಲ್ಯಾಬ್ ಅಟೆಂಡರ್ ಅಣ್ಣನಿಗೆ ಈ ಲ್ಯಾಬಿನ ಪ್ರತಿ ಪಾತ್ರೆಯ ಸ್ವಭಾವ ಗೊತ್ತು. ಹೊರಗಿನಿಂದ ಮುಟ್ಟಿ ತಣ್ಣಗಿದೆ ಅಂತ ಮುಚ್ಚಳಕ್ಕೆ ಕೈ ಹಾಕಿದರೆ ಅವರು ತಡೆಯುತ್ತಿದ್ದರು. "ಮೇಡಂ, ಡಬ್ಬಿ ತಣ್ಣಗಾದದ್ದು ಹೌದು, ಒಳಗಿನ ಬಿಲ್ಲೆ ಇನ್ನೂ ಬಿಸಿ ಉಂಟು. ಈಗಲೇ ತೆಗೀಬೇಡಿ." ಅವರ ಮಾತು ನಿಜ. ಅಲ್ಯುಮಿನಿಯಂ ಬಿಲ್ಲೆ ಶಾಖವನ್ನು ಚೆನ್ನಾಗಿ ಕೊಡುವ ಹಾಗೇ ಹಿಡಿದೂ ಇಡುತ್ತದೆ. ಥರ್ಮೋಕಪಲ್ಲನ್ನು ಒಳಗಿನ ಬಿಲ್ಲೆಗೆ ತಾಗಿಸಿ ಕೂರಿಸಿದ ಮೇಲೆ ಲೆಕ್ಕ ಸ್ಪಷ್ಟವಾಯಿತು: 50 ಡಿಗ್ರಿಯ ಕೆಳಗೆ ಇಳಿಯಲು ಒಂದೂವರೆ ಗಂಟೆಗಿಂತ ಹೆಚ್ಚು ಬೇಕು. ಅಷ್ಟೂ ಹೊತ್ತು ನಿಮಿಷಕ್ಕೆ ಅರ್ಧ ಲೀಟರ್ ನೈಟ್ರೋಜನ್.

50ಕ್ಕೆ ಇಳಿದರೂ ಡಬ್ಬಿ ತೆರೆಯುವ ಹಾಗಿಲ್ಲ. ಕೋಣೆಯ ಶಾಖಕ್ಕೆ ಬಂದ ಪುಡಿ ಕೂಡ ಒಮ್ಮೆಲೇ ಗಾಳಿ ಕಂಡರೆ ಬಿಸಿಯೇರಿ ಕೆಂಪಾದದ್ದನ್ನು ನೋಡಿದ್ದೇವೆ. ಕಣದ ಮೇಲೆ ತೆಳ್ಳನೆಯ ಆಕ್ಸೈಡ್ ಪದರ ನಿಧಾನವಾಗಿ ಕೂತರೆ ಒಳಗಿನ ಲೋಹ ಉಳಿಯುತ್ತದೆ. ದೊಡ್ಡ ಲ್ಯಾಬುಗಳಲ್ಲಿ ಇದಕ್ಕೆ 100ಕ್ಕೆ 1 ಪಾಲು ಆಮ್ಲಜನಕ ಬೆರೆಸಿದ ಸಿಲಿಂಡರ್ ಬಳಸುತ್ತಾರೆ. ನಾವು ಮುಚ್ಚಳದ ಅಂಚಿಗೂ 20 ಮಿ.ಮೀ. ತೂತಿಗೂ ಅಲ್ಯುಮಿನಿಯಂ ಟೇಪ್ ಹಾಕಿ, ತೂತಿನ ಟೇಪಿಗೆ ಸೂಜಿಯಿಂದ ಒಂದು ರಂಧ್ರ ಮಾಡಿ, ನೈಟ್ರೋಜನ್ ನಿಲ್ಲಿಸಿ, ಪೈಪನ್ನು ಮುಚ್ಚಿ, ರಾತ್ರಿ ಪೂರ್ತಿ ಹುಡ್ ಒಳಗೆ ಬಿಟ್ಟೆವು. ಗಾಳಿ ಆ ಸೂಜಿ ರಂಧ್ರದಿಂದ ಒಳಗೆ ಹೋಗಬೇಕು. ಟೇಪ್ ಹಾಕುವುದು ಪೂರ್ತಿ ತಣಿದ ಮೇಲೆ ಮಾತ್ರ, ಉರಿಸುವಾಗ ಅಲ್ಲವೇ ಅಲ್ಲ. ಬೆಳಿಗ್ಗೆ ತೆರೆದರೆ ಪುಡಿ ಬೂದು ಕಪ್ಪಾಗಿ, ಸುಮ್ಮನೆ ಕೂತಿತ್ತು. ಚಮಚದಲ್ಲಿ ಎತ್ತಿದರೂ ಕೆಂಪಾಗಲಿಲ್ಲ. ಇಡೀ ಪ್ರಾಜೆಕ್ಟಿನಲ್ಲಿ ನನಗೆ ಅತ್ಯಂತ ಸಮಾಧಾನ ಕೊಟ್ಟ ಬೆಳಿಗ್ಗೆ ಅದು.

ಹಂತ 8: ತೊಳೆಯುವುದು

ಗಡ್ಡೆಯನ್ನು ಬೀಕರಿನಲ್ಲಿ ನೀರು ಹಾಕಿಯೇ ಒಡೆಯಬೇಕು, ಒಣದಾಗಿ ಅರೆದರೆ ಧೂಳು ಏಳುತ್ತದೆ. ಬಿಸಿ ಡಿಸ್ಟಿಲ್ಡ್ ನೀರು, ಬೀಕರಿನ ಹೊರಗಿನಿಂದ ನಿಯೋಡೈಮಿಯಂ ಆಯಸ್ಕಾಂತ ಹಿಡಿದರೆ ಪುಡಿ ಒಂದು ಬದಿಗೆ ಸೇರುತ್ತದೆ, ಕಂದು ನೀರನ್ನು ತ್ಯಾಜ್ಯದ ಪಾತ್ರೆಗೆ ಬಗ್ಗಿಸುವುದು. ನೀರು ತಿಳಿಯಾಗುವ ತನಕ ಇದೇ. ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್. ಎಥನಾಲ್ ಆದರೂ ನಡೆಯುತ್ತದೆ, ಆದರೆ ಅದಕ್ಕೆ ಅಬಕಾರಿ ಪರವಾನಗಿಯ ಓಡಾಟ ಇದೆ. ಕಪ್ಪಗೆ ತೇಲುವ ಹಗುರ ಧೂಳು ಆಯಸ್ಕಾಂತಕ್ಕೆ ಬಾರದೆ ನೀರಿನ ಜೊತೆ ಹೋಗುತ್ತದೆ. ಅದು ಬಹುತೇಕ ಇಂಗಾಲ, ಹೋಗಲಿ. ವ್ಯಾಕ್ಯೂಮ್ ಡೆಸಿಕೇಟರಿನಲ್ಲಿ ಒಣಗಿಸಿ ತೂಗಿದರೆ 0.52 ಗ್ರಾಂ. 100ಕ್ಕೆ 89ರಷ್ಟು ಕೈಗೆ ಬಂದ ಹಾಗಾಯಿತು.

ಹಂತ 9: ಬಂದದ್ದು ಏನು

ಎಕ್ಸ್‌ಆರ್‌ಡಿಯನ್ನು ಹೊರಗಿನ ಲ್ಯಾಬಿನಲ್ಲಿ ಮಾಡಿಸಿದೆವು, ಸ್ಯಾಂಪಲ್‌ಗೆ 600 ರೂಪಾಯಿ. ನೋಡುವಾಗ ಒಂದು ಎಚ್ಚರ: ಆಕ್ಸೈಡಿನ ಅತಿ ಎತ್ತರದ ಗೆರೆ 43.3ರಲ್ಲಿ ಬರುತ್ತದೆ, ಲೋಹದ 44.5ರ ಬುಡದಲ್ಲೇ ಅಡಗಿಬಿಡಬಹುದು. ಆದ್ದರಿಂದ 37.2 ಮತ್ತು 62.9 ನೋಡಿ ತೀರ್ಮಾನಿಸಿ. ಯಂತ್ರದ ಸ್ವಂತ ಅಗಲ ಕಳೆದ ಮೇಲೆ 44.5ರ ಗೆರೆಯ ಅಗಲ 0.35 ಡಿಗ್ರಿ. ಗೆರೆಯ ಅಗಲದಿಂದ ಗಾತ್ರ ಹೇಳುವ ಶೆರರ್ ಸೂತ್ರಕ್ಕೆ ಹಾಕಿದರೆ 24ರಿಂದ 25 ನ್ಯಾನೊಮೀಟರ್. ಅದು ಹರಳಿನ ಗಾತ್ರ. ಹರಳುಗಳೆಲ್ಲ ಒಂದಕ್ಕೊಂದು ಬೆಸೆದುಕೊಂಡು ತೂತುತೂತಾದ ದೊಡ್ಡ ಗುಂಪಾಗಿರುತ್ತವೆ, ಈ ವಿಧಾನದ ಪುಡಿಯ ಗುಣವೇ ಅದು. ಬಿಡಿ ಬಿಡಿ ಕಣ ಬೇಕೆನ್ನುವವರು ಬೇರೆ ವಿಧಾನ ನೋಡಬೇಕು. ಪದರವಾಗಿ ಕೂತ ಆಕ್ಸೈಡ್ ಎಕ್ಸ್‌ಆರ್‌ಡಿಗೆ ಕಾಣದಷ್ಟು ತೆಳು ಎಂಬುದನ್ನೂ ವರದಿಯಲ್ಲಿ ಬರೆದಿದ್ದೇವೆ.

ನಮಗೆ ಬೇಕಾಗಿದ್ದದ್ದು ವೇಗವರ್ಧಕ. ಪ್ಯಾರಾ ನೈಟ್ರೊಫೀನಾಲ್‌ನ ದ್ರಾವಣಕ್ಕೆ ಸೋಡಿಯಂ ಬೊರೊಹೈಡ್ರೈಡ್ ಹಾಕಿದರೆ ಕಡು ಹಳದಿಯಾಗುತ್ತದೆ, ಹಾಗೇ ಬಿಟ್ಟರೆ ಹಳದಿಯಾಗಿಯೇ ಇರುತ್ತದೆ. ಅದಕ್ಕೆ ನಮ್ಮ ಪುಡಿ 5 ಮಿ.ಗ್ರಾಂ. ಹಾಕಿ ಕಲಕಿದಾಗ ಹಳದಿ ಮೆಲ್ಲಗೆ ತೆಳುವಾಗಿ, ಕೊನೆಗೆ ನೀರಿನಂತಾಯಿತು. ಸ್ಪೆಕ್ಟ್ರೊಫೋಟೊಮೀಟರಿನಲ್ಲಿ 400 ನ್ಯಾನೊಮೀಟರಿನ ಶಿಖರ ಇಳಿದು 300ರಲ್ಲಿ, ನೈಟ್ರೊಫೀನಾಲ್ ಬದಲಾಗಿ ಹುಟ್ಟುವ ಅಮಿನೊಫೀನಾಲ್‌ನ ಶಿಖರ ಎದ್ದಿತು. ಆಯಸ್ಕಾಂತದಿಂದ ಪುಡಿಯನ್ನು ಹಿಂದಕ್ಕೆ ಎಳೆದು, ತೊಳೆದು, ಮತ್ತೆ ಬಳಸಿದೆವು. ಆಗಲೂ ಕೆಲಸ ಮಾಡಿತು, ಸ್ವಲ್ಪ ನಿಧಾನ. ತೆರೆದ ಬೀಕರಿನಲ್ಲಿ ಅರ್ಧ ಆಕ್ಸೈಡಾಗಿದ್ದ ಹಳೆಯ ಪುಡಿಯನ್ನೂ ಪಕ್ಕದಲ್ಲಿಟ್ಟು ನೋಡಿದೆವು. ಅದೇ ಹೊತ್ತಿಗೆ ಅದರ ಹಳದಿ ಇನ್ನೂ ಮುಕ್ಕಾಲು ಪಾಲು ಉಳಿದಿತ್ತು.

ಖರ್ಚು ಮತ್ತು ತ್ಯಾಜ್ಯ

ನೈಟ್ರೇಟ್ 500 ಗ್ರಾಂಗೆ 1,900 ರೂ., ಗ್ಲೈಸಿನ್ 500 ಗ್ರಾಂಗೆ 450, ಸಿಲಿಕಾ ಬೀಕರ್ 1,400, ಡಬ್ಬಿ 380, ತಾಮ್ರದ ಪೈಪ್ ಮತ್ತು ಫಿಟ್ಟಿಂಗ್ 600, ಬಿಲ್ಲೆಗಳು 350, ಜಾಲರಿ 150, ಥರ್ಮೋಕಪಲ್ ಮತ್ತು ಮಾಡ್ಯೂಲ್ 450, ನೈಟ್ರೋಜನ್ ರೀಫಿಲ್ 700. ಒಟ್ಟು 6,380. ಎಕ್ಸ್‌ಆರ್‌ಡಿ ಇದರ ಮೇಲೆ. ಸಿಲಿಂಡರ್, ರೆಗ್ಯುಲೇಟರ್, ಹರಿವು ಅಳೆಯುವ ರೋಟಾಮೀಟರ್ ವಿಭಾಗದಲ್ಲೇ ಇದ್ದವು. ರಾಸಾಯನಿಕಗಳು ಇನ್ನೂ ಬಹಳ ವರ್ಷಕ್ಕೆ ಸಾಕು.

ತೊಳೆದ ನೀರು, ಉಳಿದ ದ್ರಾವಣ ಯಾವುದನ್ನೂ ಸಿಂಕಿಗೆ ಬಿಟ್ಟಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನಿಕಲ್ಲನ್ನು ಹಸಿರು ಹೈಡ್ರಾಕ್ಸೈಡಾಗಿ ಕೂರಿಸಿ, ಸೋಸಿ, ಲೇಬಲ್ ಹಚ್ಚಿದ ಕ್ಯಾನಿನಲ್ಲಿಟ್ಟಿದ್ದೇವೆ. ಕಾಲೇಜಿನ ಉಳಿದ ಅಪಾಯಕಾರಿ ತ್ಯಾಜ್ಯದ ಜೊತೆ ಅದು ತಳೋಜಾದ ಘಟಕಕ್ಕೆ ಹೋಗುತ್ತದೆ. ಪುಡಿ ತಾಗಿದ ಟಿಶ್ಯೂ, ಕೈಗವಸನ್ನು ಒದ್ದೆ ಮಾಡಿಯೇ ಚೀಲಕ್ಕೆ ಹಾಕಬೇಕು. ಒಣಗಿದ ಟಿಶ್ಯೂ ಮೇಲೆ ಪುಡಿ ಉಳಿದರೆ ಅದೇ ಕಿಡಿಯಾಗಬಹುದು.

ಈಗ ನಿಂತಿರುವುದು ತಾಮ್ರದಲ್ಲಿ

ಅದೇ ಡಬ್ಬಿ, ಅದೇ ಕ್ರಮ, ನಿಕಲ್ ಬದಲು ತಾಮ್ರದ ನೈಟ್ರೇಟ್ ಹಾಕಿ ಮಾಡಿದೆವು. ರಾತ್ರಿ ಟೇಪ್ ಹಾಕುವ ಮುಂಚೆ ತೂತಿನಿಂದ ಟಾರ್ಚ್ ಬಿಟ್ಟು ನೋಡಿದಾಗ ಪುಡಿ ಚೆಂದದ ತಾಮ್ರದ ಕೆಂಪು. ಬೆಳಿಗ್ಗೆಗೆ ಕಂದು, ತೊಳೆದು ಒಣಗಿಸುವಷ್ಟರಲ್ಲಿ ಕಪ್ಪು. ಎಕ್ಸ್‌ಆರ್‌ಡಿಯಲ್ಲಿ ತಾಮ್ರದ 43.3, 50.4 ಇವೆ, 36.4ರಲ್ಲಿ ಕ್ಯೂಪ್ರಸ್ ಆಕ್ಸೈಡೂ ಇದೆ. ನಿಕಲ್ಲಿಗೆ ರಕ್ಷಣೆಯಾದ ಪದರ ತಾಮ್ರಕ್ಕೆ ಆಗುತ್ತಿಲ್ಲ. ಡಬ್ಬಿಯಲ್ಲಿ ಗಾಳಿ ಬಿಡುವುದರ ಬದಲು, ನೈಟ್ರೋಜನ್ ಹರಿಯುತ್ತಿರುವಾಗಲೇ ಪುಡಿಯನ್ನು ನೇರವಾಗಿ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮುಳುಗಿಸಿ, ಒಣಗಿಸದೆ ಹಾಗೇ ಇಟ್ಟು ಬಳಸುವ ಯೋಚನೆ ಇದೆ. ಅದಕ್ಕೆ ಮುಚ್ಚಳದಲ್ಲಿ ಇನ್ನೊಂದು ತೂತು, ಒಂದು ಸೆಪರೇಟಿಂಗ್ ಫನಲ್ ಬೇಕು. ಡಬ್ಬಿ ಪೂರ್ತಿ ತಣಿದಿದೆ ಎಂದು ಥರ್ಮೋಕಪಲ್ ಹೇಳಿದ ಮೇಲಷ್ಟೇ ಆಲ್ಕೊಹಾಲ್ ಬಿಡಬೇಕು. ಮುಚ್ಚಳ ಈಗ ಮತ್ತೆ ಕುರ್ಲಾದ ಲೇಥ್ ಅಂಗಡಿಯಲ್ಲಿದೆ, ಶನಿವಾರ ಸಿಗುತ್ತದೆ.